ಕತೆ ಓದಿದವರ ಮಾತನ್ನು ಬರೆದಿಡುವುದು ಹೇಗೆ

ಅರಸೀಕೆರೆಯ ನಮ್ಮ ಮನೆಯ ಹಜಾರದಲ್ಲಿ ತಿಂಗಳಿಗೊಂದು ಭಾನುವಾರ ಹತ್ತು ಹನ್ನೊಂದು ಹೆಂಗಸರು ಕೂತು ಕತೆ ಓದುತ್ತೇವೆ. 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಆಮೇಲೆ ಅವರ ಕತೆಗಳನ್ನೇ ಹಿಡಿದೆವು. ಪ್ರಶಸ್ತಿ ಬಂದದ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ; ಅದರಲ್ಲಿ 12 ಕತೆಗಳಿವೆ. ನಾವು ಓದುತ್ತಿರುವುದು ಕನ್ನಡದಲ್ಲಿ. ಓದಿದವರ ಮಾತನ್ನು ಬರೆದಿಡುವ ಕೆಲಸ ನನ್ನದು.

ನಿಮ್ಮೂರಲ್ಲೂ ಶುರು ಮಾಡುವುದಾದರೆ, ಒಂದು ಸಲಕ್ಕೆ ಒಂದೇ ಕತೆ ಇಟ್ಟುಕೊಳ್ಳಿ. ಇಡೀ ಸಂಕಲನವನ್ನು ಮಾತಿಗೆ ಹಾಕಿದರೆ “ಎಲ್ಲಾ ಚೆನ್ನಾಗಿವೆ” ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ಕನ್ನಡಕ ಮರೆತು ಬಂದವರು, ಓದಲು ತಡವರಿಸುವವರು ಇದ್ದೇ ಇರುತ್ತಾರೆ. ಹಾಗಾಗಿ ಒಬ್ಬರು ಗಟ್ಟಿಯಾಗಿ ಓದಲಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಬೇಡಿ.

“ಕತೆ ಹೇಗಿದೆ?” ಅಂತ ಕೇಳಬೇಡಿ. ಹಾಗೆ ಕೇಳಿದರೆ ಪುಸ್ತಕದ ಬೆನ್ನಿನ ಮೇಲಿರುವ ಮಾತೇ ತಿರುಗಿ ಬರುತ್ತದೆ. “ಎಲ್ಲಿ ಮನಸ್ಸು ನಿಂತಿತು?” ಅಂತ ಕೇಳಿ. ಶಾಯಿಸ್ತಾ ಮಹಲಿನ ಕತೆ ಓದಿದ ದಿನ ನಾನು ಹಾಗೇ ಕೇಳಿದೆ. ಹೆಂಡತಿಗೆ ಮಹಲು ಕಟ್ಟಿಸುತ್ತೇನೆ ಅನ್ನುತ್ತಿದ್ದ ಗಂಡ, ಅವಳು ಸತ್ತ ಕೆಲವೇ ದಿನಕ್ಕೆ ಮತ್ತೊಂದು ಮದುವೆಯಾಗುತ್ತಾನೆ. ಎಲ್ಲರೂ ಅವನನ್ನು ಬೈಯುತ್ತಿದ್ದರು. ಬಟ್ಟೆ ಹೊಲಿಯುವ ಅಕ್ಕ ಮಾತ್ರ ಸುಮ್ಮನಿದ್ದರು. ಆಮೇಲೆ ಹೇಳಿದರು: “ನಂಗೆ ಆ ದೊಡ್ಡ ಮಗ್ಳು ಆಸಿಫಾನೇ ಕಣ್ಮುಂದೆ. ತಮ್ಮನ್ನ ಎತ್ಕೊಳ್ಳೋಕೆ ಅಂತ ನಾನೂ ಅವಳ ಹಾಗೇ ಸ್ಕೂಲು ಬಿಟ್ಟೆ, ಏಳನೇ ಕ್ಲಾಸಿಗೇ.” ಅಷ್ಟೂ ಹೊತ್ತು ಅವರ ಬೆರಳು ಸೆರಗಿನ ಅಂಚಿನ ಒಂದು ಬಿಟ್ಟ ಹೊಲಿಗೆಯನ್ನೇ ಸವರುತ್ತಿತ್ತು.

ಇಂಥ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. “ಸ್ತ್ರೀ ಶಿಕ್ಷಣದ ಸಮಸ್ಯೆ” ಅಂತ ತಿದ್ದಿದರೆ ಆ ಅಕ್ಕನೇ ಅಲ್ಲಿಂದ ಎದ್ದು ಹೋದ ಹಾಗೆ. ಅವತ್ತೇ ರಾತ್ರಿ ಬರೆಯಿರಿ, ಮುಂದಿನ ಸಲ ಅವರಿಗೇ ಓದಿ ಹೇಳಿ. ಮನೆಯ ವಿಷಯ ಬಂದಿದ್ದರೆ ಹೆಸರು ಬೇಡ. ಬೇಡವೆಂದರೆ ಹೊಡೆದುಹಾಕಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಕತೆಗಳು ಮುಸ್ಲಿಂ ಮನೆಗಳ ಹೆಂಗಸರ ಬದುಕಿನವು. ಗುಂಪಿನಲ್ಲಿ ಮುಸ್ಲಿಂ ಹೆಂಗಸರಿದ್ದರೆ “ನಿಮ್ಮಲ್ಲಿ ಹೀಗೇನಾ?” ಅಂತ ಅವರ ಕಡೆ ತಿರುಗಬೇಡಿ. ನಮ್ಮಲ್ಲೊಬ್ಬರು ಹಾಗೆ ಕೇಳಿದರು. ಪಕ್ಕದ ಬೀದಿಯ ಆಪಾ ಆಮೇಲೆ ಎರಡು ತಿಂಗಳು ಬರಲೇ ಇಲ್ಲ. ಅವರು ಕತೆ ಓದಲು ಬಂದವರು, ಸಾಕ್ಷಿ ಹೇಳಲು ಬಂದವರಲ್ಲ. ನಾನೇ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ. ಈಗ ಗಟ್ಟಿಯಾಗಿ ಓದುವವರು ಅವರೇ.

ಜಗಳವಾದರೆ ಆಗಲಿ. ‘ಎದೆಯ ಹಣತೆ’ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಮಗಳು ಸಲ್ಮಾ ತಡೆಯುತ್ತಾಳೆ. “ಮಗು ಗೆದ್ದಿತು” ಅಂದರು ಒಬ್ಬ ಅಜ್ಜಿ. ಅವರ ಸೊಸೆಗೆ ಸಿಟ್ಟು ಬಂತು: “ಮಕ್ಳಿಗೋಸ್ಕರ ಬದುಕು, ಮಕ್ಳಿಗೋಸ್ಕರ ಬದುಕು ಅಂತಾನೇ ಎಷ್ಟು ಸಲ ಕೇಳೋದು ಅತ್ತೆ?” ಎರಡನ್ನೂ ಒಂದರ ಕೆಳಗೊಂದು ಬರೆದೆ. ಯಾವುದು ಸರಿ ಅಂತ ತೀರ್ಪು ಬರೆಯಲಿಲ್ಲ.

ಕಾಫಿ ಕುಡಿದ ಮೇಲೂ ನೋಟುಪುಸ್ತಕ ಮುಚ್ಚಬೇಡಿ. ಒಳಗೆ ಆಡದ ಮಾತನ್ನು ಹೊಸ್ತಿಲ ಹತ್ತಿರ, ಚಪ್ಪಲಿ ಹುಡುಕುತ್ತಾ ಆಡುವವರೇ ಹೆಚ್ಚು. ಪೆನ್ನು ಹಿಡಿದೇ ಬಾಗಿಲವರೆಗೂ ಹೋಗಿ.