ಸ್ಟಂಟ್ ವಿಡಿಯೋ ಮಗುವಿಗೆ ತಕ್ಕುದೇ? ಹೆತ್ತವರು ನೋಡಿ ನಿರ್ಧರಿಸುವ ಬಗೆ

ಮಕ್ಕಳು ನೋಡುವ ಸ್ಟಂಟ್ ವಿಡಿಯೋಗಳನ್ನು ಹೆತ್ತವರು ಸಾಮಾನ್ಯವಾಗಿ ತಮಗಾದ ಭಯದಿಂದ ಅಳೆಯುತ್ತಾರೆ. ಉರಿಯುವ ಕಾರೊಂದು ಸೇತುವೆಯಿಂದ ಹಾರಿದರೆ ಕೂಡಲೇ ಮೊಬೈಲ್ ಕಸಿದುಕೊಳ್ಳುತ್ತಾರೆ. ಹುಡುಗನೊಬ್ಬ ಮಹಡಿಯ ಮೇಲಿಂದ ಹಾಸಿಗೆಯ ಮೇಲೆ ಜಿಗಿದು ನಕ್ಕರೆ ತಾವೂ ನಕ್ಕು ಸುಮ್ಮನಾಗುತ್ತಾರೆ. ಅಪಾಯದ ಲೆಕ್ಕ ಹಾಕಿದರೆ ಇದು ತಿರುಗುಮುರುಗು. ಉರಿಯುವ ಕಾರು ಮಗುವಿನ ಕೈಗೆ ಸಿಗುವ ವಸ್ತುವಲ್ಲ, ಮಹಡಿ ಮತ್ತು ಹಾಸಿಗೆ ಸಿಗುತ್ತವೆ. ಆದ್ದರಿಂದ ಯಾವುದೇ ಸ್ಟಂಟ್ ವಿಡಿಯೋದ ಮುಂದೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನನ್ನ ಮಗು ಇದನ್ನು ಇವತ್ತೇ ಸಂಜೆ, ಮನೆಯಲ್ಲಿರುವ ವಸ್ತುಗಳಿಂದಲೇ, ಯಾರ ನೆರವೂ ಇಲ್ಲದೆ ಮಾಡಿನೋಡಲು ಸಾಧ್ಯವೇ? ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿಯು ಚಿತ್ರಗಳಿಗೆ ವಯೋಮಿತಿ ಗೊತ್ತುಮಾಡುವಾಗ ಮಕ್ಕಳು ಅನುಕರಿಸಬಹುದಾದ ಅಪಾಯಕರ ವರ್ತನೆಯನ್ನು ಪ್ರತ್ಯೇಕವಾಗಿಯೇ ಪರಿಶೀಲಿಸುತ್ತದೆ. ಆನ್‌ಲೈನ್ ವಿಡಿಯೋಗಳಿಗೆ ಹಾಗೆ ಮುಂಚಿತವಾಗಿ ನೋಡಿ ಮುದ್ರೆ ಒತ್ತುವವರಿಲ್ಲದ ಕಾರಣ ಆ ಕೆಲಸ ಮನೆಯವರ ಪಾಲಿಗೆ ಬಂದಿದೆ.

ವಿಡಿಯೋವನ್ನು ಮೊದಲು ನೀವೊಬ್ಬರೇ, ಕೊನೆಯವರೆಗೂ, ಧ್ವನಿಯನ್ನು ಪೂರ್ತಿ ನಿಲ್ಲಿಸಿ ನೋಡಿ. ಹಿನ್ನೆಲೆ ಸಂಗೀತ, ಕೇಕೆ, ನಗು ಇವೆಲ್ಲ ಇಲ್ಲದಾಗ ಸಂಕಲನದ ಕತ್ತರಿ ಎಲ್ಲಿ ಆಡಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಜಿಗಿದದ್ದೂ ನೆಲ ಮುಟ್ಟಿದ್ದೂ ಒಂದೇ ದೃಶ್ಯದಲ್ಲಿ ಇವೆಯೇ, ನಡುವೆ ಕ್ಯಾಮೆರಾ ಬದಲಾಯಿತೇ, ನೆರಳು ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತೇ, ಬಟ್ಟೆಯ ಮೇಲಿನ ಧೂಳು ಮಾಯವಾಯಿತೇ ಎಂದು ಗಮನಿಸಿ. ಹೆಲ್ಮೆಟ್‌ಗೆ ಕಟ್ಟಿದ ಕ್ಯಾಮೆರಾದಿಂದ ತೆಗೆದ ಸೈಕಲ್ ಅಥವಾ ಸ್ಕೀ ವಿಡಿಯೋಗಳಲ್ಲಿ ಇನ್ನೊಂದು ಮೋಸವಿದೆ. ಅವುಗಳಲ್ಲಿ ಕಡಿದಾದ ಇಳಿಜಾರೂ ನಿಜಕ್ಕಿಂತ ಸಪಾಟಾಗಿ ಕಾಣುತ್ತದೆ. ಹಾಗಾಗಿ ನೋಡುವ ಮಗುವಿಗೆ ‘ಇಷ್ಟೇನಾ’ ಎನಿಸುವುದು ಸಹಜ.

ಆಮೇಲೆ ನೋಡಬೇಕಾದದ್ದು ಸಿದ್ಧತೆಯನ್ನು. ಸಿನಿಮಾ ಸ್ಟಂಟ್‌ಗಳಲ್ಲಿ ನಟನನ್ನು ಹಿಡಿದ ತಂತಿಯನ್ನು ಕಂಪ್ಯೂಟರಿನಲ್ಲಿ ಅಳಿಸಿರುತ್ತಾರೆ, ಬೀಳುವ ಜಾಗದಲ್ಲಿ ಗಾಳಿ ತುಂಬಿದ ದೊಡ್ಡ ಹಾಸನ್ನೋ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯನ್ನೋ ಇಟ್ಟಿರುತ್ತಾರೆ, ಒಡೆಯುವ ಗಾಜು ಬಹಳ ಸಲ ಗಾಜೇ ಆಗಿರುವುದಿಲ್ಲ, ಬೆಂಕಿ ಹೊತ್ತಿಸಿಕೊಂಡು ಓಡುವವನ ಮೈಗೆ ಶಾಖ ತಡೆಯುವ ಜೆಲ್ ಬಳಿದಿರುತ್ತದೆ. ಇವು ದೊಡ್ಡವರಿಗೆ ಗೊತ್ತಿರುವ ಸಂಗತಿಗಳೇ, ಆದರೆ ಮಗುವಿಗೆ ಯಾರೂ ಹೇಳಿರುವುದಿಲ್ಲ. ನಿಜವಾದ ಸಾಹಸಗಳಲ್ಲೂ ಸಿದ್ಧತೆ ಮರೆಯಲ್ಲೇ ಉಳಿಯುತ್ತದೆ. ಅಮೆರಿಕದ ಅಲೆಕ್ಸ್ ಹಾನೊಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್ ಎಂಬ ಸುಮಾರು 900 ಮೀಟರ್ ಎತ್ತರದ ಬಂಡೆಯನ್ನು ಹಗ್ಗವಿಲ್ಲದೆ ನಾಲ್ಕು ಗಂಟೆಯೊಳಗೆ ಹತ್ತಿದರು. ಅದಕ್ಕೆ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂಬುದನ್ನೆಲ್ಲ ಕಂಠಪಾಠ ಮಾಡಿಕೊಂಡಿದ್ದರು. ಅರ್ಧ ನಿಮಿಷದ ತುಣುಕಿನಲ್ಲಿ ಇದಾವುದೂ ಇರುವುದಿಲ್ಲ. ಹಾಗಾಗಿ ಒಂದೇ ಸಾಹಸದ ಚುಟುಕು ತುಣುಕು ಮಗುವಿಗೆ ತಕ್ಕುದಲ್ಲದೆ ಇರಬಹುದು. ತರಬೇತಿ, ಸೋತ ಪ್ರಯತ್ನಗಳು, ‘ಇವತ್ತು ಬೇಡ’ ಎಂದು ಹಿಂದಿರುಗಿದ ದಿನ, ಎಲ್ಲವನ್ನೂ ತೋರಿಸುವ ದೀರ್ಘ ವಿಡಿಯೋ ತಕ್ಕುದಾಗಿರಬಹುದು. ‘ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ’ ಎಂಬ ಸಾಲನ್ನು ಮಾತ್ರ ಸಿದ್ಧತೆಯ ಲೆಕ್ಕಕ್ಕೆ ಸೇರಿಸಬೇಡಿ. ಆ ಸಾಲು ಮಗುವಿಗಿಂತ ಹೆಚ್ಚಾಗಿ ವಿಡಿಯೋ ಮಾಡಿದವರನ್ನು ಕಾಪಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯದಾಗಿ, ವಿಡಿಯೋ ಹೇಗೆ ಮುಗಿಯುತ್ತದೆ ಎಂಬುದನ್ನು ನೋಡಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ, ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆಯುತ್ತಾರೆಂದು ಪ್ರಯೋಗದಿಂದ ತೋರಿಸಿದರು. ತೆರೆಯ ಮೇಲೆ ನೋಡಿದರೂ ಅನುಕರಣೆ ನಡೆಯುತ್ತದೆಂದು 1963ರ ಪ್ರಯೋಗ ತಿಳಿಸಿತು. ಹೆತ್ತವರಿಗೆ ಹೆಚ್ಚು ಉಪಯೋಗವಾಗುವುದು 1965ರ ಪ್ರಯೋಗ. ಅದರಲ್ಲಿ ಹೊಡೆದವನಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ ಮಾಡಿ ತೋರಿಸಿದರೆ ಬಹುಮಾನ ಕೊಡುತ್ತೇವೆ ಎಂದಾಗ ಶಿಕ್ಷೆ ನೋಡಿದವರೂ ನೋಡದವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಮಾಡಿ ತೋರಿಸಿದರು. ಅಂದರೆ ಕೆಟ್ಟ ಪರಿಣಾಮವನ್ನು ತೋರಿಸುವ ವಿಡಿಯೋ ಮಗುವನ್ನು ಒಂದಿಷ್ಟು ತಡೆಯುತ್ತದೆ, ಆದರೆ ನೋಡಿದ್ದು ಒಳಗೆ ಉಳಿದೇ ಇರುತ್ತದೆ, ಬಹುಮಾನ ಬಂದಾಗ ಹೊರಬರುತ್ತದೆ. ಜನ ಬೀಳುವ ದೃಶ್ಯಗಳನ್ನು ಜೋಡಿಸಿ ನಗಿಸುವ ‘ಫೇಲ್’ ವಿಡಿಯೋಗಳು ಈ ದೃಷ್ಟಿಯಿಂದ ಸಾಹಸದ ವಿಡಿಯೋಗಳಿಗಿಂತ ಕೆಟ್ಟವು. ಬಿದ್ದ ಕೂಡಲೇ ದೃಶ್ಯ ತುಂಡಾಗಿ ನಗುವಿನ ಸದ್ದು ಬರುತ್ತದೆ. ಮುರಿದ ಕೈ, ಪ್ಲಾಸ್ಟರ್, ಆಡಲಾಗದ ವಾರಗಳು ಯಾವುದೂ ಕಾಣಿಸುವುದಿಲ್ಲ.

ಮಗುವಿಗೆ ಬಹುಮಾನವೆಂದರೆ ಬಹಳ ಸಲ ಗೆಳೆಯರ ಚಪ್ಪಾಳೆ. ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾರು ಓಡಿಸುವ ಕಂಪ್ಯೂಟರ್ ಆಟವಾಡಿದ ಹದಿಹರೆಯದವರು ಗೆಳೆಯರು ಪಕ್ಕದಲ್ಲಿದ್ದಾಗ ಒಬ್ಬರೇ ಇದ್ದಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮನೆಯಲ್ಲಿ ನಿಮ್ಮ ಪಕ್ಕ ಕುಳಿತು ‘ಛೆ, ಹುಚ್ಚು’ ಎಂದ ಮಗ ನಾಳೆ ಗೆಳೆಯರ ನಡುವೆಯೂ ಹಾಗೆಯೇ ಹೇಳುತ್ತಾನೆಂದು ನಂಬಿ ಕೂರಬೇಡಿ. ಈ ವಿಡಿಯೋವನ್ನು ಗೆಳೆಯರಲ್ಲಿ ಯಾರು ಯಾರು ನೋಡಿದ್ದಾರೆ, ಯಾರಾದರೂ ಮಾಡಿನೋಡಿದರೇ ಎಂದು ಕೇಳಿ. ತನ್ನ ಬಗ್ಗೆ ಬಾಯಿ ಬಿಡದ ಮಗುವೂ ಗೆಳೆಯರ ಕಥೆಯನ್ನು ಧಾರಾಳವಾಗಿ ಹೇಳುತ್ತದೆ.

ವಯಸ್ಸಿನ ವಿಷಯ. ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಸಂಕಲನದ ಕೈಚಳಕವನ್ನು ನಿಜದಿಂದ ಬೇರ್ಪಡಿಸುವುದು ಕಷ್ಟ. ಜೊತೆಗೆ ಪುಟ್ಟ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದಾಗಿರುವುದರಿಂದ ಬಿದ್ದಾಗ ತಲೆಗೇ ಪೆಟ್ಟಾಗುವುದು ಹೆಚ್ಚು. ಈ ವಯಸ್ಸಿನವರಿಗೆ ಮನೆಯಲ್ಲಿ ಚಿತ್ರಿಸಿದ ಸ್ಟಂಟ್‌ಗಳನ್ನು ಒಟ್ಟಾರೆ ಬೇಡವೆನ್ನುವುದೇ ಸರಿ. ಒಂಬತ್ತರಿಂದ ಹನ್ನೆರಡರವರು ‘ಅದೆಲ್ಲ ಎಡಿಟಿಂಗ್’ ಎಂದು ನಿಮಗೇ ಹೇಳಿಕೊಡುತ್ತಾರೆ, ಆದರೆ ತಮ್ಮ ಮೈಯ ಶಕ್ತಿಯನ್ನು ಹೆಚ್ಚೆಂದು ಎಣಿಸುತ್ತಾರೆ. ವಯಸ್ಸಿಗಿಂತ ಸ್ವಭಾವ ಮುಖ್ಯ. ವಿಡಿಯೋ ಮುಗಿದಾಗ ‘ಇದನ್ನು ಹೇಗೆ ಮಾಡಿದರು?’ ಎನ್ನುವ ಮಗುವಿಗೂ, ಮುಗಿಯುವ ಮೊದಲೇ ಸೋಫಾ ಹತ್ತುವ ಮಗುವಿಗೂ ಒಂದೇ ನಿಯಮ ಸಲ್ಲದು.

ನೀವು ಒಪ್ಪಿದ ವಿಡಿಯೋವನ್ನು ಮುಂದಿನ ಸಲ ಮಗುವಿನೊಂದಿಗೆ ಕುಳಿತು ನೋಡಿ, ಒಂದೆರಡು ಕಡೆ ಮಾತ್ರ ನಿಲ್ಲಿಸಿ. ಹೆಚ್ಚು ನಿಲ್ಲಿಸಿದರೆ ಅದು ಪರೀಕ್ಷೆಯಾಗುತ್ತದೆ. ‘ಕ್ಯಾಮೆರಾ ಹಿಡಿದವರು ಎಲ್ಲಿ ನಿಂತಿರಬಹುದು?’ ಎಂಬುದು ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಪ್ರಶ್ನೆ, ಏಕೆಂದರೆ ಅಲ್ಲಿ ಒಬ್ಬನೇ ಇರಲಿಲ್ಲ, ಒಂದು ತಂಡವೇ ಇತ್ತು ಎಂಬುದು ಆ ಪ್ರಶ್ನೆಯಿಂದ ಮಗುವಿಗೆ ತಾನಾಗಿ ಹೊಳೆಯುತ್ತದೆ. ‘ಕಾಲು ಜಾರಿದ್ದರೆ ಎಲ್ಲಿ ಬೀಳುತ್ತಿದ್ದರು?’ ಎಂಬುದು ಎರಡನೆಯದು.

ಕೆಲವಕ್ಕೆ ಈ ಪರಿಶೀಲನೆಯೇ ಬೇಕಿಲ್ಲ. ಉಸಿರು ಕಟ್ಟುವ ಆಟ, ತಿನ್ನಬಾರದ್ದನ್ನು ನುಂಗುವುದು, ಬೆಂಕಿ, ವಿದ್ಯುತ್ತು, ಚಲಿಸುವ ರೈಲು, ಕಟ್ಟಡದ ಅಂಚು, ರಸ್ತೆಯಲ್ಲಿ ವ್ಹೀಲಿಂಗ್, ಇವು ಯಾವ ವಯಸ್ಸಿಗೂ ಬೇಡ. ನೋಡುವವರನ್ನೇ ‘ನೀನೂ ಮಾಡು’ ಎಂದು ಕರೆಯುವ ಚಾಲೆಂಜ್‌ಗಳೂ ಬೇಡ. ಬಟ್ಟೆ ತೊಳೆಯುವ ಡಿಟರ್ಜೆಂಟ್ ಪೊಟ್ಟಣಗಳನ್ನು ಕಚ್ಚುವ ಚಾಲೆಂಜ್ 2018ರಲ್ಲಿ ಹರಡಿತು. 2019ರ ಜನವರಿಯಲ್ಲಿ ಯೂಟ್ಯೂಬ್ ಅಪಾಯಕರ ಚಾಲೆಂಜ್‌ಗಳ ಮೇಲಿನ ನಿಷೇಧವನ್ನು ಸ್ಪಷ್ಟಪಡಿಸಿತು. ಇಟಲಿಯ ಪಲೆರ್ಮೊದಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಉಸಿರು ಕಟ್ಟುವ ಆಟದಿಂದ ಸತ್ತಳೆಂದು ವರದಿಯಾದ ಬಳಿಕ, 2021ರ ಜನವರಿಯಲ್ಲಿ ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರವು ವಯಸ್ಸು ಖಚಿತವಾಗದ ಬಳಕೆದಾರರನ್ನು ತಡೆಯುವಂತೆ ಟಿಕ್‌ಟಾಕ್‌ಗೆ ಆದೇಶಿಸಿತು. ಮಗುವಿನ ಕುತ್ತಿಗೆಯ ಮೇಲೆ ಗುರುತು, ಕೆಂಪಾದ ಕಣ್ಣು, ಪದೇಪದೇ ತಲೆನೋವು, ಬಾಗಿಲು ಹಾಕಿಕೊಂಡು ಒಬ್ಬರೇ ಇರುವುದು ಒಟ್ಟಿಗೆ ಕಂಡುಬಂದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಂಥ ಆಟದ ಬಗ್ಗೆ ಎಚ್ಚರಿಸುವಾಗ ಅದನ್ನು ಹೇಗೆ ಆಡುತ್ತಾರೆಂದು ವಿವರಿಸಬೇಡಿ. ಜೀವ ಹೋಗುತ್ತದೆ ಎಂಬಷ್ಟು ಹೇಳಿದರೆ ಸಾಕು.

ಸೆಟ್ಟಿಂಗ್‌ಗಳು ಇದಕ್ಕೆಲ್ಲ ಬೆಂಬಲವೇ ಹೊರತು ಬದಲಿಯಲ್ಲ. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಆರಿಸಿದ ವಿಡಿಯೋಗಳು ಮಾತ್ರ ಕಾಣುವಂತೆ ಮಾಡಬಹುದು. ಮುಖ್ಯ ಯೂಟ್ಯೂಬ್‌ನಲ್ಲಿ ಹೆತ್ತವರ ಉಸ್ತುವಾರಿಯ ಖಾತೆಗೆ 9 ವರ್ಷ ಮತ್ತು 13 ವರ್ಷ ಮೇಲ್ಪಟ್ಟವರಿಗೆಂದು ಬೇರೆ ಬೇರೆ ಹಂತಗಳಿವೆ. ಒಂದು ಮುಗಿದೊಡನೆ ಮುಂದಿನ ವಿಡಿಯೋವನ್ನು ತಾನಾಗಿ ಶುರುಮಾಡುವ ಆಟೋಪ್ಲೇ ನಿಲ್ಲಿಸಿ. ಬೇಡದ ಸ್ಟಂಟ್ ವಿಡಿಯೋವನ್ನು ಒಮ್ಮೆ ನೋಡಿಬಿಟ್ಟಿದ್ದರೆ ಅದನ್ನು ವೀಕ್ಷಣೆಯ ಇತಿಹಾಸದಿಂದ ಅಳಿಸಿ, ಇಲ್ಲದಿದ್ದರೆ ಅದೇ ಜಾತಿಯವು ಶಿಫಾರಸಾಗಿ ಮತ್ತೆ ಬರುತ್ತವೆ.

ಬೇಡವೆಂದಾಗ ಕಾರಣವನ್ನೂ ಹೇಳಿ. ಕಾರಣ ತಿಳಿದ ಮಗು ಗೆಳೆಯನ ಫೋನಿನಲ್ಲಿ ಅದೇ ವಿಡಿಯೋ ಕಂಡಾಗಲೂ ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಲಾಗ ಹಾಕಲೇಬೇಕು, ಗೋಡೆ ಹಾರಲೇಬೇಕು ಎಂಬ ಆಸೆ ಹೋಗದಿದ್ದರೆ ಮೆತ್ತೆಗಳೂ ತರಬೇತುದಾರರೂ ಇರುವ ಜಿಮ್ನಾಸ್ಟಿಕ್ಸ್ ಅಥವಾ ಪಾರ್ಕೂರ್ (ಅಡೆತಡೆಗಳನ್ನು ಓಡಿ, ಹಾರಿ ದಾಟುವ ಕಸರತ್ತು) ತರಗತಿಗೆ ಸೇರಿಸಿ. ಅಲ್ಲಿ ಮೊದಲು ಕಲಿಸುವುದು ಬೀಳುವುದನ್ನು. ಮಗು ತನ್ನ ಸಾಹಸವನ್ನೂ ವಿಡಿಯೋ ಮಾಡಬೇಕೆಂದು ಹಟ ಹಿಡಿದರೆ, ಹೊಸ ಕಸರತ್ತನ್ನು ಕಲಿಯುವ ತನಕ ಕ್ಯಾಮೆರಾ ಹೊರಬರಬಾರದು, ಚೆನ್ನಾಗಿ ಕೈಗೂಡಿದ ಮೇಲೆ ತರಬೇತುದಾರರ ಎದುರಿನಲ್ಲೇ ಚಿತ್ರಿಸಬೇಕು, ಅದನ್ನು ಯಾರಿಗಾದರೂ ಕಳಿಸುವ ನಿರ್ಧಾರವನ್ನು ಮರುದಿನ ನಿಮ್ಮೊಂದಿಗೆ ಕುಳಿತು ಮಾಡಬೇಕು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.