ದನಿ ಒಡೆದ ಹುಡುಗನನ್ನು ಬಿಡಲಿಲ್ಲ

ನಾನು ಪೌರಾಣಿಕ ನಾಟಕಗಳ ಹಾರ್ಮೋನಿಯಂ ಮೇಷ್ಟ್ರು. ನನ್ನ ಅಕ್ಕನ ಮಗ 13 ವರ್ಷಕ್ಕೇ ಪ್ರಹ್ಲಾದನ ಪಾರ್ಟು ಮಾಡಿ ಗುಬ್ಬಿ, ಕುಣಿಗಲ್ ಕಡೆ ಹೆಸರು ಮಾಡಿದ್ದ. ಮುಂದಿನ ವರ್ಷ ಒಂದು ಜಾತ್ರೆಯ ನಾಟಕದಲ್ಲಿ ಕಂದಪದ್ಯ (ಮಾತಿನ ನಡುವೆ ರಾಗವಾಗಿ ಹಾಡೋ ಪದ್ಯ) ಎತ್ತಿದ. ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ' ಸ್ವರಕ್ಕೆ, ಹೋದಾಗ ದನಿ ಎರಡಾಗಿ ಒಡೆಯಿತು. ಜನ ಸಿಳ್ಳೆ ಹಾಕಿದರು. ನಾನು ಹಾರ್ಮೋನಿಯಂ ಜೋರು ಮಾಡಿದರೂ ಮುಚ್ಚಲಾಗಲಿಲ್ಲ. ಪರದೆ ಹಿಂದೆ ಬಂದವನ ಕೆನ್ನೆ ಮೇಲೆ ಬಣ್ಣ ಗೆರೆಗೆರೆಯಾಗಿ ಇಳಿದಿತ್ತು.

"ಇವನ ಹಾಡು ಮುಗೀತು ಮೇಷ್ಟ್ರೇ, ತಬಲಾಕ್ಕೆ ಕೂರಿಸಿ" ಅಂದರು ನಮ್ಮ ಜೊತೆಯವರೇ.

ಮೊದಲು ತಪ್ಪು ಮಾಡಿದ್ದು ನಾನು. ಹಟ ಹಿಡಿದು ಎರಡು ತಿಂಗಳು ಅದೇ ಐದು ಮನೆ ಶ್ರುತಿಯಲ್ಲೇ ಹಾಡಿಸಿದೆ (ಹಾರ್ಮೋನಿಯಂನಲ್ಲಿ ಮನೆ ಏರಿದಷ್ಟೂ ದನಿ ಎತ್ತರ). ಹತ್ತು ದಿನ ಮಾತೇ ಹೊರಡಲಿಲ್ಲ. ಅತಿಮಧುರ, ಮೆಣಸಿನ ಕಷಾಯ, ಎಲ್ಲಾ ಆಯಿತು. ತುಮಕೂರಿನ ಗಂಟಲು ಡಾಕ್ಟರಿಗೆ, ಔಷಧಿಗೆ ನಾಲ್ಕೈದು ಸಾವಿರ ಹೋಯಿತು. "ವಯಸ್ಸಿಗೆ ಬರ್ತಿರೋ ಗಂಟಲು, ಕಿರುಚಿಸಬೇಡಿ" ಅಂತ ಅವರು ಬೈದರು. ಆ ಬೈಗುಳ ನನಗೆ ಬೇಕಿತ್ತು.

ಆಮೇಲೆ ಶ್ರುತಿಯನ್ನು ನಾನು ಇಡಲಿಲ್ಲ, ಅವನ ಗಂಟಲಿಗೆ ಬಿಟ್ಟೆ. ಹದಿನೈದು ದಿನಕ್ಕೊಮ್ಮೆ ಸುಮ್ನೆ ಮಾತಾಡಿಸಿ, ಆ ಮಾತು ಯಾವ ಮನೆಯಲ್ಲಿ ನಿಲ್ಲುತ್ತೆ ಅಂತ ನೋಡುತ್ತಿದ್ದೆ. ನಾಲ್ಕು, ಮೂರು, ಎರಡೂವರೆ, ಹೀಗೆ ಇಳಿಯುತ್ತಾ ಹೋಯಿತು. ಬೆಳಿಗ್ಗೆ 20 ನಿಮಿಷ ಮಾತ್ರ ಸಾಧನೆ. ಕೆಳಗಿನ ಪಂಚಮದಿಂದ ('ಪ' ಸ್ವರ) ಮಧ್ಯದ ಪಂಚಮದವರೆಗೆ, ಅದರ ಮೇಲೆ ಒಂದು ಸ್ವರವೂ ಇಲ್ಲ. ಸುಮಾರು ಹದಿನಾಲ್ಕು ತಿಂಗಳು ಹೀಗೇ. ಹಾಡಿಲ್ಲದ ಸಣ್ಣ ಪಾರ್ಟು ಕೊಟ್ಟು ಮಾತು ಗಟ್ಟಿ ಮಾಡಿಸಿದೆ. ಮಾತಿನ ಉಸಿರಲ್ಲೇ ಪದ್ಯಕ್ಕೆ ದಾಟೋ ಒಂದು ಪಟ್ಟು ಇದೆ. ಅದನ್ನು ಇಲ್ಲಿ ಬರೆಯಲ್ಲ, ಎದುರು ಕೂತವರಿಗೇ ಹೇಳಿಕೊಡೋದು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ದೇವರಾಯನದುರ್ಗದ ಬೆಟ್ಟದ ಮೆಟ್ಟಿಲು ಹತ್ತುತ್ತಾ ನಾಟಕದ ಮಾತು ಹೇಳಿಸಿದೆ. ಉಸಿರು ಬೆಳೆಯಿತೋ ಇಲ್ಲವೋ, ಕೋತಿಗಳು ನಾಟಕದ ಪುಸ್ತಕ ಕಿತ್ತುಕೊಂಡು ಹೋದವು. ಆ ಪುಸ್ತಕ ಮತ್ತೆ ಸಿಗಲಿಲ್ಲ, ಇವತ್ತಿಗೂ ಬೇಜಾರಿದೆ.

ಗುಬ್ಬಿ ನಾಟಕ ಕಂಪನಿ 1884ರಲ್ಲಿ ಹುಟ್ಟಿದ ತುಮಕೂರು ಜಿಲ್ಲೆ ನಮ್ಮದು. ರಾಜ್‌ಕುಮಾರ್ ಅಂಥವರು ಹುಡುಗರಾಗಿದ್ದಾಗಲೇ ಬಣ್ಣ ಹಚ್ಚಿದ್ದು ಆ ಕಂಪನಿಯಲ್ಲಿ. ಇಂಥ ಕಡೆ ಒಬ್ಬ ಹುಡುಗನ ಗಂಟಲು ಒಡೆಯಿತು ಅಂತ ಬಿಟ್ಟುಬಿಡೋದು ಹೇಗೆ?

16ಕ್ಕೆ ದನಿ ಒಂದೂವರೆ ಮನೆಯಲ್ಲಿ ಕೂತಿತು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕುರುಕ್ಷೇತ್ರ ನಾಟಕ ಇತ್ತು. ನಮ್ಮ ಕಡೆ ಪಾರ್ಟು ಮಾಡೋರೇ ಅದಕ್ಕೆ ದುಡ್ಡು ಕಟ್ಟಬೇಕು. ಅಭಿಮನ್ಯುವಿಗೆ 12 ಸಾವಿರ ಇರಬೇಕು, ಡ್ರೆಸ್ಸು ಬೇರೆ. ಅಕ್ಕ ಬಳೆ ಅಡ ಇಟ್ಟಳು. ಸುಭದ್ರೆಗೆ ಹೋಗಿ ಬರ್ತೀನಿ ಅನ್ನೋ ಪದ್ಯಕ್ಕೆ ಒನ್ಸ್‌ಮೋರ್ ಬಂತು. ಎರಡನೇ ಸಲ ಇನ್ನೂ ತಣ್ಣಗೆ ಹಾಡಿದ. ತಬಲಾಕ್ಕೆ ಕೂರಿಸಿ ಅಂದವರೇ ಬಂದು ನನ್ನ ಕೈ ಹಿಡಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ನಾಟಕದ ವಿಡಿಯೋ ನೋಡಿ ಬೆಂಗಳೂರಿನ ಧಾರಾವಾಹಿಯವರು ಕರೆದರು. ನಾಯಕನ ತಮ್ಮನ ಪಾತ್ರ, ದಿನಕ್ಕೆ ಎರಡು ಸಾವಿರ. ತಿಂಗಳಿಗೆ ಐದಾರು ದಿನ ಶೂಟಿಂಗ್, ಬೆಳಗಿನ ರೈಲಿಗೆ ಹೋಗಿ ಬರುತ್ತಾನೆ. ಪಿಯುಸಿ ಬಿಡಬಾರದು ಅಂತ ಭಾವ ಖಡಾಖಂಡಿತ ಹೇಳಿದ್ದಾರೆ. ನನ್ನದೂ ಅದೇ ಮಾತು. ಒಂದು ಸೀನಲ್ಲಿ ಅವನ ದನಿಯಲ್ಲೇ ನಾಲ್ಕು ಸಾಲು ಹಾಡಿಸಿದರು.

ಮೊದಲ ಸಂಬಳದಲ್ಲಿ ಬಳೆ ಬಿಡಿಸಿಕೊಟ್ಟ. ಶಿವರಾತ್ರಿ ಹೊತ್ತಿಗೆ ನಮ್ಮೂರ ಪಕ್ಕದ ತಂಡದವರು ಕೃಷ್ಣನ ಪಾರ್ಟಿಗೆ ಕೇಳೋಕೆ ಬಂದರು. ಎಷ್ಟು ಕಟ್ಟಬೇಕು ಅಂದೆ. "ನೀವೇನೂ ಕಟ್ಟಬೇಡಿ ಮೇಷ್ಟ್ರೇ, ನಾವೇ 5 ಸಾವಿರ ಕೊಡ್ತೀವಿ" ಅಂದರು. ಹುಡುಗ ನನ್ನ ಮುಖ ನೋಡಿ, "ಮಾವ, ಶ್ರುತಿ ಒಂದೂವರೆ ಮನೆ ಅಂತ ಈಗಲೇ ಹೇಳಿಬಿಡಿ" ಅಂದ.