ಬೋನಸ್ ಪಾಯಿಂಟಿಗೆ ಲಕ್ಷದ ಗುರಿ: ಮನೆಖರ್ಚಿನಲ್ಲೇ ಮುಟ್ಟುವುದು ಹೇಗೆ?

‘ಮೂರು ತಿಂಗಳಲ್ಲಿ ಒಂದೂವರೆ ಲಕ್ಷ ಖರ್ಚು ಮಾಡಿ, ವಿಮಾನ ಟಿಕೆಟ್ಟಿಗೆ ಬೋನಸ್ ಪಾಯಿಂಟ್ ಪಡೆಯಿರಿ.’ ಪ್ರಯಾಣದ ಕ್ರೆಡಿಟ್ ಕಾರ್ಡುಗಳಲ್ಲಿ ಇಂಥ ಆಮಿಷ ಮಾಮೂಲು. ಅರ್ಜಿ ಹಾಕುವ ಮುಂಚೆ ಹಿಂದಿನ ಆರು ತಿಂಗಳ ಬ್ಯಾಂಕ್ ಲೆಕ್ಕ ತೆಗೆದು, ಕಾರ್ಡಿನಲ್ಲಿ ಕೊಡಬಹುದಾಗಿದ್ದ ಖರ್ಚನ್ನು ಮಾತ್ರ ಕೂಡಿಸಿ. ಅದರ ಅರ್ಧ, ಅಂದರೆ ಮೂರು ತಿಂಗಳ ಪಾಲು, ಗುರಿಯ ಹತ್ತಿರಕ್ಕೂ ಬಾರದಿದ್ದರೆ ಆ ಕಾರ್ಡು ನಿಮಗಲ್ಲ, ಬಿಟ್ಟುಬಿಡಿ.

ಹತ್ತಿರವಿದ್ದರೆ ಕಾಲ ನೋಡಿ ಅರ್ಜಿ ಹಾಕಿ. ವಾಹನ ವಿಮೆ, ಆರೋಗ್ಯ ವಿಮೆ, ಶಾಲೆ ಶುರುವಾಗುವಾಗಿನ ಶುಲ್ಕ, ದೀಪಾವಳಿಯ ಬಟ್ಟೆಬರೆ ಹೇಗೂ ಬರುವ ಖರ್ಚುಗಳು. ಅವು ಗಡುವಿನೊಳಗೆ ಬೀಳುವಂತಿರಲಿ.

ಹೆಚ್ಚಿನವರು ಎಡವುವುದು ನಿಯಮಗಳ ಸಣ್ಣಕ್ಷರದಲ್ಲಿ. ಪೆಟ್ರೋಲು, ಮನೆಬಾಡಿಗೆ, ವಾಲೆಟ್‌ಗೆ ತುಂಬಿದ ಹಣ, ಇಎಂಐಗೆ ಬದಲಿಸಿದ ಖರೀದಿ, ತೆರಿಗೆ ಪಾವತಿಗಳನ್ನು ಅನೇಕ ಬ್ಯಾಂಕುಗಳು ಗುರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೆಲವು ಕಾರ್ಡುಗಳಲ್ಲಿ ವಿಮೆ, ಶಾಲಾ ಶುಲ್ಕ, ಕರೆಂಟ್ ಬಿಲ್ಲಿಗೂ ಇದೇ ಗತಿ. ಬ್ಯಾಂಕು ನೋಡುವುದು ಅಂಗಡಿಯ ಬೋರ್ಡನ್ನಲ್ಲ, ಆ ವ್ಯಾಪಾರಕ್ಕೆ ಕೊಟ್ಟಿರುವ ನಾಲ್ಕಂಕಿಯ ಸಂಕೇತವನ್ನು. ದೊಡ್ಡ ಬಿಲ್ ಕಟ್ಟುವ ಮೊದಲು ಗ್ರಾಹಕ ಸೇವೆಗೆ ಇಮೇಲ್ ಬರೆದು ಉತ್ತರ ಪಡೆದಿಟ್ಟುಕೊಳ್ಳಿ. ಫೋನಿನ ಭರವಸೆಗೆ ದಾಖಲೆಯಿರುವುದಿಲ್ಲ. ರೂಪೇ ಕಾರ್ಡನ್ನು ಯುಪಿಐಗೆ ಜೋಡಿಸಿ ಕಿರಾಣಿ ಅಂಗಡಿಯ ಕ್ಯೂಆರ್‌ನಲ್ಲೂ ಕೊಡಬಹುದು, ಆದರೆ ಆ ಖರ್ಚು ಗುರಿಗೆ ಸೇರುತ್ತದೆಯೇ ಎಂದು ಮೊದಲೇ ಕೇಳಿ.

ಇನ್ನೂ ಕೊರತೆಯಿದೆಯೇ? ಮನೆಯವರಿಗೆ ಹೆಚ್ಚುವರಿ ಕಾರ್ಡ್ ಮಾಡಿಸಿ, ಅದರ ಖರ್ಚು ಸಾಮಾನ್ಯವಾಗಿ ಮೂಲ ಕಾರ್ಡಿನ ಖಾತೆಗೇ ಸೇರುತ್ತದೆ. ಸ್ನೇಹಿತರ ಜೊತೆ ಹೋಟೆಲಿನಲ್ಲಿ ಉಂಡ ಬಿಲ್ ನೀವೇ ಕೊಟ್ಟು ಪಾಲು ವಸೂಲಿ ಮಾಡಿ (ನಿಧಾನಿಸುವ ಸ್ನೇಹಿತರಾದರೆ ಬೇಡ). ಪರಿಚಯದ ಅಂಗಡಿಯಲ್ಲಿ ಸ್ವೈಪ್ ಮಾಡಿಸಿ, ಕಮಿಷನ್ ಕೊಟ್ಟು ನಗದು ಪಡೆಯುವ ದಾರಿಗೆ ಮಾತ್ರ ಹೋಗಬೇಡಿ. ಸಿಕ್ಕಿಬಿದ್ದರೆ ಪಾಯಿಂಟ್ ಜೊತೆಗೆ ಕಾರ್ಡೂ ಹೋಗುತ್ತದೆ.

ಗಡುವು ಎಣಿಸುವುದು ಹೆಚ್ಚಾಗಿ ಕಾರ್ಡ್ ಮಂಜೂರಾದ ದಿನದಿಂದ, ಅದು ಕೈಗೆ ಬಂದ ದಿನದಿಂದಲ್ಲ. ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ವಾಪಸ್ ಮಾಡಿದ ವಸ್ತುವಿನ ಬೆಲೆ ಕಳೆದುಹೋಗುತ್ತದೆ. ಹಾಗಾಗಿ ನಾಲ್ಕೈದು ಸಾವಿರ ಹೆಚ್ಚೇ ಖರ್ಚಾಗಿರಲಿ, ಕೊನೆಯ ವಾರಕ್ಕೆ ಏನನ್ನೂ ಉಳಿಸಬೇಡಿ.

ಬಿಲ್ಲನ್ನು ಪೂರ್ತಿ ಕಟ್ಟಿ. ತಿಂಗಳಿಗೆ ಶೇ 3.5ರ ಬಡ್ಡಿಯಿದ್ದರೆ ಒಂದು ಲಕ್ಷದ ಬಾಕಿಗೆ 3,500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 4,130. ‘ಕನಿಷ್ಠ ಮೊತ್ತ’ ಕಟ್ಟಿದರೂ ಬಡ್ಡಿ ನಿಲ್ಲದು, ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಎರಡು ತಿಂಗಳು ಹೀಗಾದರೆ ಟಿಕೆಟ್ ಕೊಂಡುಕೊಳ್ಳುವುದೇ ಅಗ್ಗ.

ಗುರಿ ಮುಟ್ಟಿದರೂ ಬೋನಸ್ ಬರದಿದ್ದರೆ ಗ್ರಾಹಕ ಸೇವೆಯಿಂದ ಪಡೆದಿಟ್ಟ ಆ ಇಮೇಲ್ ಲಗತ್ತಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು. ಶುಲ್ಕವಿಲ್ಲ.